ಇನ್ನೊಂದು ಕುರ್ಚಿ

"ದಣಿವೇ ಅರಿಯದ ಅಜ್ಜಿ" ಎಂದು ಅಧ್ಯಕ್ಷರು ಮರಾಠಿಯಲ್ಲಿ ಮೂರನೆಯ ಸಲ ಹೊಗಳುವಾಗಲೂ ರಖಮಾಬಾಯಿ ಸನ್ಮಾನದ ಶಾಲು ಹೊದ್ದು ನಿಂತೇ ಇದ್ದಳು. ಗಡಿಯಾಚೆಯ ಮಂದ್ರೂಪ ಊರಿನ ಆ ಮಹಿಳಾ ದಿನದ ವೇದಿಕೆಯಲ್ಲಿ ಕುರ್ಚಿಗಳೆಲ್ಲ ಅತಿಥಿಗಳಿಗೇ ಮುಗಿದಿದ್ದವು. ಪಕ್ಕದಲ್ಲಿ ಸನ್ಮಾನದ ತೆಂಗಿನಕಾಯಿ ಹಿಡಿದು ನಿಂತ ಮೊಮ್ಮಗಳು ಪೂನಮಳ ಕಾಲುಗಳು ಸೋತಿದ್ದವು. ನಸುಕಿನಿಂದ ಅಜ್ಜಿಯ ಜೊತೆ ಮಾರಾಟದ ಜೋಳದ ಕಡಕ್ ಭಕ್ರಿ ಬಡಿದು ಬಂದಿದ್ದಳು. ಅಜ್ಜಿಯೇ ಎಂದೂ ಉಸ್ಸೆನ್ನದ ಮನೆಯಲ್ಲಿ ತಾನು ಹೇಗೆ ಅಂದಾಳು?

ಮೈಕು ಅಜ್ಜಿಯ ಕೈಗೆ ಬಂತು.

"ದಣೀತೀನ್ರಿ ಸಾಹೇಬ್ರ, ದಿನಾ ದಣೀತೀನಿ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಒಂದು ಖುರ್ಚಿ ಕೊಡ್ರಿ."

ಅಧ್ಯಕ್ಷರು ತಮ್ಮ ಕುರ್ಚಿಯನ್ನೇ ತಂದಿಟ್ಟರು. ಅಜ್ಜಿ ಭಾರವಾಗಿ ಕುಳಿತು, ಪೂನಮಳ ಕೈಯಿಂದ ಕಾಯಿ ಇಸಿದುಕೊಂಡಳು.

"ಇನ್ನೊಂದು ತರ್ರಿ. ನನ್ನ ನೋಡಿ ಈಕಿನೂ ಹೇಳೂದು ಕಲ್ತಿಲ್ಲ."