ಬಾಯಿ ಮೇಲಿನ ಸೆರಗು

"ಪೆಟ್ಟಿಗಿ ಕಟ್ಟು ನೀಲವ್ವಾ," ಎಂದು ಬಸವಂತಪ್ಪ ಒದರಿದ. "ಆರು ದಿನಾ ಆತು ನೀ ಇಲ್ಲಿ ಬಂದು. ಗಂಡ ಅನ್ನಾಂವ ನಿನ್ನ ಒಂದು ಮಾತಿಗೂ ಉತ್ತರಾ ಕೊಟ್ಟಿಲ್ಲ ಅಂತಿ. ಸಂಜೀ ಸೊಲ್ಲಾಪುರದ ಗಾಡಿಗೆ ನನ್ನ ಜೋಡಿ ನಡಿ."

ಮುಂಬಯಿಯ ಪರೇಲಿನಲ್ಲಿ, ಗಿರಣಿ ಕೆಲಸಗಾರರ ಚಾಳಿನಲ್ಲಿ ಒಂದೇ ಖೋಲಿ. ನೀಲಾವತಿ ಒಲೆಯ ಪಕ್ಕ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಮದುವೆಯಾಗಿ ಎರಡು ವರ್ಷ ಊರಿನಲ್ಲಿ ಅತ್ತೆಯ ಬಳಿ ಇದ್ದವಳನ್ನು ಅಣ್ಣ ಬಸವಂತಪ್ಪನೇ ಕರೆತಂದು ಬಿಟ್ಟು, ತಾನು ಧಾರಾವಿಯ ಗೆಳೆಯನಲ್ಲಿ ಉಳಿದಿದ್ದ. ಗಂಡಸರ ಮುಂದೆ ಬಾಯಿ ಕಾಣುವಂತೆ ಅವಳು ಎಂದೂ ಮಾತಾಡಿದವಳಲ್ಲ. ಆರು ದಿನವೂ ಸೆರಗಿನ ಹಿಂದಿನಿಂದಲೇ ಕೇಳಿದ್ದಳು: ನೀರು ಕಾದಾವು, ಬುತ್ತಿಗೆ ಏನ ಮಾಡ್ಲಿ. ಗಂಡ ಮುರಿಗೆಪ್ಪ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದ.

"ನನಗ ಕಿವಿ ಕೇಳೂದಿಲ್ಲ," ಎಂದ ಮುರಿಗೆಪ್ಪ.

"ಆಹಾ! ನಾ ಅಂದದ್ದು ಹೆಂಗ ಕೇಳಸ್ತು?"

"ನೀವು ಒದರತೀರಿ. ದಪ್ಪ ದನಿ. ಆಕೀದು ಸಣ್ಣದು, ನನ್ನ ತನಕಾ ಬರೂದಿಲ್ಲ."

"ಮದಿವ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಹೆಣ್ಣು ಕೊಡತಿದ್ರೇನು?" ಮುರಿಗೆಪ್ಪ ಈಗ ತಿರುಗಿ ಕುಳಿತ. "ಬಟ್ಟಿ ಗಿರಣಿ ಮಗ್ಗದ ಖಾತ್ಯಾಗ ಹನ್ನೆರಡು ವರ್ಷ. ಮುನ್ನೂರು ಮಗ್ಗ ಒಮ್ಮೆಲೇ ಬಡಕೊಂತಾವು. ಅಲ್ಲಿ ಯಾರ ಕಿವೀನೂ ಕೆಲಸಕ್ಕ ಬರೂದಿಲ್ಲ, ತುಟಿ ನೋಡಿ ಮಾತಾಡ್ತೀವಿ. ಆ ತುದ್ಯಾಗ ಗಣಪತ ತಂಬಾಕು ಕೇಳಿದ್ರ ಈ ತುದ್ಯಾಗ ನಾ ಡಬ್ಬಿ ತಗೀತೇನಿ. ಗಿರಣ್ಯಾಗ ನಾ ಕಿವುಡ ಅಲ್ಲ."

ಬಸವಂತಪ್ಪ ನಕ್ಕುಬಿಟ್ಟ. "ಚಲೋ ಕತಿ ಕಟ್ಟಿದ್ರಿ ಮಾಮಾ. ನನ್ನ ತಂಗಿ ಬ್ಯಾಡಾಗಿದ್ರ ಬ್ಯಾಡ ಅನ್ರಿ, ಮುಗದು ಹೋತು."

"ಸೆರಗು ಸರಸಂತ ಹೇಳ್ರಿ ಆಕೀಗೆ. ಏನರ ಒಂದು ಮಾತು ಆಡ್ಲಿ. ಏನಂದ್ಲು ಅಂತ ನಾ ಹೇಳ್ತೇನಿ."

ನೀಲಾವತಿ ಅಣ್ಣನ ಮುಖ ನೋಡಿದಳು. ಅವನು ಬಾಗಿಲ ಕಡೆ ತಿರುಗಿ, "ಆಡವ್ವಾ, ನೋಡೇಬಿಡೂಣು," ಎಂದ. ಅವಳ ಕೈಯಿಂದ ಸೆರಗು ಜಾರಿತು. ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಕೆಳತುಟಿಯಡಿ ಒಂದು ಸಣ್ಣ ಮಚ್ಚೆ. ಹೆಂಡತಿಯ ಬಾಯಿಯನ್ನು ಹಗಲಿನ ಬೆಳಕಿನಲ್ಲಿ ಅವನು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಿ, ಮಗ್ಗದಲ್ಲಿ ಕಡಿದ ಎಳೆ ಹುಡುಕುವವನಂತೆ ಬಗ್ಗಿ ನಿಂತ.

"ಇರು ಅನ್ರಿ, ಇರ್ತೇನಿ," ಎಂದಳು.

ತುಟಿಗಳು ತೆರೆದವು, ಮುಚ್ಚಿದವು. ಗಿರಣಿಯಲ್ಲಿ ಅರ್ಥ ತಾನಾಗಿ ಬರುತ್ತಿತ್ತು. ಮುರಿಗೆಪ್ಪ ಕಾದ. ಬರಲಿಲ್ಲ. ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದ. ಅವಳು ಅದನ್ನೇ ನಿಧಾನವಾಗಿ ಅಂದಳು. ಹನ್ನೆರಡು ವರ್ಷ ನೋಡಿದ ಬಾಯಿಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಗಣಪತನದು, ಕೆಲಸ ಹಚ್ಚುವ ಮುಕಾದಮನದು, ಬೀಡಿ ಕಚ್ಚಿಕೊಂಡೇ ಬೈಯುವ ತುಕಾರಾಮನದು. ಅವುಗಳಲ್ಲಿ ಒಂದರಿಂದಲೂ ಒಂದೇ ಒಂದು ಕನ್ನಡ ಮಾತು ಹೊರಟಿರಲಿಲ್ಲ.

"ಹೇಳ್ರಿ, ಏನಂದ್ಲು?" ಬಸವಂತಪ್ಪ ಒದರಿದ.

ಮುರಿಗೆಪ್ಪ ಆ ತುಟಿಗಳಿಂದ ಕಣ್ಣು ಕೀಳಲಿಲ್ಲ.

"ನಿನಗ ಮರಾಠಿ ಬರ್ತದೇನು?" ಎಂದು ಹೆಂಡತಿಯನ್ನು ಕೇಳಿದ.