ತಿಮ್ಮಪ್ಪಯ್ಯ ಬಿಟ್ಟ ಪದ

“ಜೀಪಿನ ಹುಡ್ ಅಲ್ಲ ಮಾರಾಯ್ತಿ! ಇಲ್ಲಿ ಹುಡ್ ಅಂದರೆ ಅವಸ್ಥೆ. ಎಷ್ಟು ಸಲ ಹೇಳುವುದು ನಿನಗೆ?” ತಿಮ್ಮಪ್ಪಯ್ಯ ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ಮಣೆಯ ಮೇಲೆ ಕುಕ್ಕಿದರು.

ಸೊಸೆ ಕಾತ್ಯಾಯನಿ ತುಟಿ ಕಚ್ಚಿಕೊಂಡಳು. ಮರುದಿನ ಮಡಿಕೇರಿಯಲ್ಲಿ ಅವಳಿಗೆ ಮೌಖಿಕ ಪರೀಕ್ಷೆ. ಪಾಸಾದರೆ ಕೊಡಗು ರಾಜ್ಯ ಸರ್ಕಾರದ ಹುಡುಗಿಯರ ಶಾಲೆಯಲ್ಲಿ ಟೀಚರ್ ಕೆಲಸ. ಇಲ್ಲದಿದ್ದರೆ ಭಾಗಮಂಡಲದ ಈ ಮನೆಯ ಅಡುಗೆಕೋಣೆ, ಬದುಕಿರುವಷ್ಟು ದಿನ. ಗಂಡ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾಗಿದ್ದ ಮಾವನೇ ಪಾಠ ಹೇಳಲು ಒಪ್ಪಿದ್ದರು. ಅತ್ತೆ ಅನ್ನಪೂರ್ಣೇಶ್ವರಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. ಜಗಲಿಯ ಮೂಲೆಯಲ್ಲಿ ಏಲಕ್ಕಿ ಬಿಡಿಸುತ್ತಾ, ಪಾಠ ನಡೆದಷ್ಟು ಹೊತ್ತೂ ಗೊಣಗುತ್ತಿದ್ದರು.

“ಸರಿಯಾಗಿ ಹೇಳು. ಚೈಲ್ಡ್‌ಗೆ ಹುಡ್ ಸೇರಿದರೆ?”

“ಚೈಲ್ಡ್‌ಹುಡ್. ಬಾಲ್ಯ.”

“ಮದರ್?”

“ಮದರ್‌ಹುಡ್. ತಾಯ್ತನ. ವೈಫ್‌ಹುಡ್, ಹೆಂಡತಿಯಾಗಿರುವುದು. ಹಾಗಾದರೆ ಮಾವ, ಹಸ್ಬೆಂಡ್‌ಹುಡ್ ಅಂದರೆ ಗಂಡನಾಗಿರುವುದಾ?”

“ಹಾಗೆ ಯಾರೂ ಹೇಳುವುದಿಲ್ಲ. ಹಸ್ಬೆಂಡ್ರಿ ಅಂತ ಒಂದು ಉಂಟು. ಅದರ ಅರ್ಥ ಬೇಸಾಯ.”

“ಹೆಂಡತಿಗಾದರೆ ಅವಸ್ಥೆ, ಗಂಡನಿಗಾದರೆ ಬೇಸಾಯವಾ?”

“ಇಂಗ್ಲಿಷ್ ಮಾಡಿದ್ದು ನಾನಲ್ಲ! ಇದ್ದದ್ದನ್ನು ಇದ್ದ ಹಾಗೆ ಕಲಿ.”

ಕಾತ್ಯಾಯನಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ, “ವಿಡೋಗೂ ಹುಡ್ ಸೇರುತ್ತದಲ್ಲ?” ಅಂದಳು.

“ಅದು ಬೇಡ. ಫಾಲ್ಸ್ ನೋಡು. ಫಾಲ್ಸ್‌ಹುಡ್ ಅಂದರೆ ಸುಳ್ಳು.”

“ವಿಡೋಹುಡ್ ಅಂದರೆ ವ್ಯಾಕರಣ ತಪ್ಪಾ?”

“ತಪ್ಪಲ್ಲ. ಆದರೆ ನಿನ್ನ ಹತ್ತಿರ ಅದನ್ನು ಯಾರೂ ಕೇಳುವುದಿಲ್ಲ.”

“ಕೇಳಿದರೆ? ಅರ್ಥ ಹೇಳಿಕೊಡಿ.”

ತಿಮ್ಮಪ್ಪಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆ ಪದ ನಾಲಗೆಗೆ ಬಂದರೆ ಕಣ್ಣ ಮುಂದೆ ಮಗನೂ ಬಂದು ನಿಲ್ಲುತ್ತಿದ್ದ. “ವೈಧವ್ಯ,” ಎಂದರು, ಸಿಟ್ಟಿನಿಂದಲೇ. “ಅದರ ಅರ್ಥ ನಿನಗೆ ಗೊತ್ತುಂಟಲ್ಲ? ಮತ್ತೆ ಯಾಕೆ ನನ್ನ ಜೀವ ತಿನ್ನುತ್ತೀ?”

“ನನಗೆ ಗೊತ್ತುಂಟು. ನಿಮಗೆ ಗೊತ್ತುಂಟಾ ಅಂತ ಕೇಳಿದ್ದು.”

ಏಲಕ್ಕಿ ಬಿಡಿಸುವ ಸದ್ದು ನಿಂತಿತು. ಕಾತ್ಯಾಯನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. “ತೊಟ್ಟಿಲು ಶಾಸ್ತ್ರಕ್ಕೆ ನನ್ನನ್ನೂ ಕರೆಯುತ್ತಾರೆ, ಪಾತ್ರೆ ತೊಳೆಯುವುದಕ್ಕೆ. ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಹಿತ್ತಿಲಿಗೆ ಹೋಗಬೇಕು. ಎಲ್ಲಿಗಾದರೂ ಹೊರಟವರಿಗೆ ನಾನು ಎದುರಾದರೆ, ವಾಪಸ್ ಹೋಗಿ ನೀರು ಕುಡಿದು ಬರುತ್ತಾರೆ. ಅವರೆಲ್ಲ ಹೊರಗಿನವರು, ಇರಲಿ. ನಿನ್ನೆ ನೀವು ಏನಂದಿರಿ? ಜನ ಏಳುವ ಮೊದಲೇ ತೋಟದ ಹಿಂದಿನ ದಾರಿಯಲ್ಲಿ ಬಸ್ಸಿಗೆ ಹೋಗುವ ಅಂದಿರಿ. ಕದ್ದವಳ ಹಾಗೆ. ಅದಕ್ಕೆಲ್ಲ ಅವಸ್ಥೆ ಅನ್ನುವ ಒಂದು ಮಾತು ಸಾಕಾ ಮಾವ?”

ತಿಮ್ಮಪ್ಪಯ್ಯ ಕನ್ನಡಕವನ್ನು ಮತ್ತೊಮ್ಮೆ ಒರೆಸಿದರು.

ಅನ್ನಪೂರ್ಣೇಶ್ವರಿ ಮೊರವನ್ನು ದಬಕ್ಕನೆ ನೆಲಕ್ಕಿಟ್ಟು ಎದ್ದರು. “ಸಾಕು ನಿಮ್ಮ ಪಾಠ! ಇಬ್ಬರೂ ಬಂದು ಊಟ ಮಾಡಿ. ಹೊಟ್ಟೆಗೂ ಒಂದು ಅವಸ್ಥೆ ಉಂಟು.”

ಬೆಳಿಗ್ಗೆ ಮಾವ, ಸೊಸೆ ಹಿತ್ತಿಲ ಬಾಗಿಲಿಗೆ ಬಂದಾಗ ಅದಕ್ಕೆ ಬೀಗ ಹಾಕಿತ್ತು. ಅನ್ನಪೂರ್ಣೇಶ್ವರಿ ಒಳ್ಳೆಯ ಸೀರೆ ಉಟ್ಟು, ಹಣೆ ತುಂಬ ಕುಂಕುಮವಿಟ್ಟು ಮುಂಬಾಗಿಲಲ್ಲಿ ನಿಂತಿದ್ದರು.

“ಆ ದಾರಿಯಲ್ಲಿ ಜಿಗಣೆ. ಹೀಗೆ ಬನ್ನಿ,” ಎಂದರು.

“ನೀನೆಲ್ಲಿಗೆ?” ತಿಮ್ಮಪ್ಪಯ್ಯ ಕೇಳಿದರು.

“ಬಸ್ಸಿನವರೆಗೆ.”

ಅನ್ನಪೂರ್ಣೇಶ್ವರಿ ರಸ್ತೆಯ ನಡುವೆಯೇ ದಾಪುಗಾಲು ಹಾಕಿದರು. ಹಿಂದೆ ಕೊಡೆ ಹಿಡಿದ ತಿಮ್ಮಪ್ಪಯ್ಯ, ಅವರ ಹಿಂದೆ ಕಾತ್ಯಾಯನಿ. ಊರು ಆಗಷ್ಟೇ ಏಳುತ್ತಿತ್ತು. ಪಕ್ಕದ ಮನೆಯ ಪದ್ಮಯ್ಯ ಹೂವಿನ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಹೊರಟಿದ್ದವರು ಅನ್ನಪೂರ್ಣೇಶ್ವರಿಯನ್ನು ಕಂಡು ನಕ್ಕರು. ಆಮೇಲೆ ಹಿಂದಿದ್ದವಳನ್ನು ಕಂಡು, ಏನೋ ಮರೆತವರಂತೆ ಗಕ್ಕನೆ ತಿರುಗಿದರು.

“ನಿಲ್ಲಿ ಪದ್ಮಯ್ಯನವರೇ!” ಅನ್ನಪೂರ್ಣೇಶ್ವರಿಯ ದನಿ ಕೇಳಿ ಆಚೀಚೆ ಮನೆಯವರೂ ಬಾಗಿಲಿಗೆ ಬಂದರು. “ನನ್ನ ಸೊಸೆ ಪರೀಕ್ಷೆಗೆ ಹೊರಟಿದ್ದಾಳೆ. ಒಳ್ಳೆಯದಾಗಲಿ ಅಂತ ಅವಳ ಮುಖ ನೋಡಿ ಒಂದು ಮಾತು ಹೇಳಿ. ಆಮೇಲೆ ಮನೆಗೆ ಹೋಗಿ ಬೇಕಾದಷ್ಟು ನೀರು ಕುಡಿಯಿರಿ.”

ಪದ್ಮಯ್ಯ ಅತ್ತ ಹೋಗಲಾರದೆ ಇತ್ತ ಬರಲಾರದೆ ನಿಂತರು. ಕೈಯಲ್ಲಿದ್ದ ಬುಟ್ಟಿ ಓರೆಯಾಗಿ ದಾಸವಾಳದ ಹೂಗಳು ಒಂದೊಂದಾಗಿ ರಸ್ತೆಗೆ ಬೀಳತೊಡಗಿದವು.

ತಿಮ್ಮಪ್ಪಯ್ಯ ಕೊಡೆಯಿಂದ ನೆಲ ಕುಟ್ಟಿದರು. “ಬೇಗ ಹೇಳಿ ಮಾರಾಯರೇ, ಬಸ್ಸು ತಪ್ಪುತ್ತದೆ!”