ಹರಿಯದ ಪಟ್ಟಿ

"ಒಬ್ಬನ್ನ ಹೊಡೆದು ಕೆಡವಿದೆ ಕಣ್ರೋ!" ತನ್ನ ಮಸ್ಟ್ಯಾಂಗ್ ಯುದ್ಧವಿಮಾನದಿಂದ ಇಳಿದ ಕ್ಯಾಪ್ಟನ್ ಪ್ರೂಯಿಟ್ ಹೆಲ್ಮೆಟ್ ಕಳಚುವ ಮೊದಲೇ ಶುರುಹಚ್ಚಿಕೊಂಡ. ಎರಡೂ ಅಂಗೈಗಳನ್ನು ವಿಮಾನ ಮಾಡಿ, ಜರ್ಮನ್ನನ ಬೆನ್ನಿಗೆ ತಾನು ಹೇಗೆ ಬಿದ್ದೆನೆಂದು ತೋರಿಸಿದ. "ಅಷ್ಟೊತ್ತಿಗೆ ಲಿಂಡಾಲ್ ಉರೀತಾ ಕೆಳಗೆ ಹೋಗಿಬಿಟ್ಟಿದ್ದ, ಪಾಪ. ಇರ್ಲಿ, ನನ್ನ ವಿಮಾನದ ಮೇಲೆ ಇನ್ನೊಂದು ಶಿಲುಬೆ ಬರೀರಿ." ಕೆಡವಿದ ವಿಮಾನಕ್ಕೊಂದು ಶಿಲುಬೆ, ಅದು ಆ ದಳದ ಲೆಕ್ಕ.

ಲೆಫ್ಟಿನೆಂಟ್ ಟ್ಯಾಕೆಟ್ ಸುಮ್ಮನೆ ನೋಡುತ್ತಿದ್ದ. "ಕ್ಯಾಪ್ಟನ್, ನನ್ನ ಹಿಂದೆ ಬಿದ್ದಿದಾನೆ, ಬೇಗ ಬನ್ನಿ!" ಎಂದು ಪ್ರೂಯಿಟನ ಜೋಡಿಯಾಗಿ ಹಾರಿದ್ದ ಲಿಂಡಾಲ್ ರೇಡಿಯೊದಲ್ಲಿ ಅರಚಿದ್ದು ಮೋಡದಾಚೆ ಹಾರುತ್ತಿದ್ದ ಟ್ಯಾಕೆಟನಿಗೂ ಕೇಳಿಸಿತ್ತು. ಪ್ರೂಯಿಟನಿಂದ ಮಾತ್ರ ಉತ್ತರ ಬಂದಿರಲಿಲ್ಲ. ಈಗ ನೋಡಿದರೆ ಈ ಶೂರನ ಬಾಯಿ ಮುಚ್ಚುತ್ತಲೇ ಇಲ್ಲ.

ಮುಚ್ಚಿದ್ದದ್ದು ಅವನ ವಿಮಾನದ ರೆಕ್ಕೆಗಳಲ್ಲಿದ್ದ ಬಂದೂಕುಗಳ ಬಾಯಿ. ಇಂಗ್ಲೆಂಡಿನ ಹಾಳು ತೇವ ಒಳಹೋಗದಿರಲೆಂದು ಹಾರುವ ಮುನ್ನ ಅವಕ್ಕೆ ಕೆಂಪು ಪಟ್ಟಿ ಅಂಟಿಸಿ ಕಳಿಸುತ್ತಾರೆ. ಮೊದಲ ಗುಂಡಿಗೇ ಅದು ಹರಿದು ಚಿಂದಿಯಾಗುತ್ತದೆ. ಪ್ರೂಯಿಟ್ ಒರಗಿ ನಿಂತಿದ್ದ ರೆಕ್ಕೆಯಲ್ಲೂ, ಆಚೆಯ ರೆಕ್ಕೆಯಲ್ಲೂ, ಬೆಳಿಗ್ಗೆ ಅಂಟಿಸಿದ ಪಟ್ಟಿಗಳು ಹಾಗಹಾಗೇ ಇದ್ದವು.

ಟ್ಯಾಕೆಟ್ ಹತ್ತಿರ ಹೋಗಿ, ಒಂದು ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿ, ಹರಿಯದಂತೆ ಮೆಲ್ಲಗೆ ಕಿತ್ತ. ಪ್ರೂಯಿಟನ ಅಂಗೈ ವಿಮಾನಗಳು ಗಾಳಿಯಲ್ಲೇ ನಿಂತುಬಿಟ್ಟವು.

"ಏನ್ ಕ್ಯಾಪ್ಟನ್ನೋರೇ, ಜರ್ಮನ್ನನ್ನ ಉಗಿದು ಕೆಡವಿದ್ರಾ?"

ಸುತ್ತ ನಿಂತವರು ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ರೆಕ್ಕೆಗಳ ಮೇಲಿತ್ತು.

"ಬರೀ ಶಿಲುಬೆ ಯಾಕೆ, ಪದಕಾನೇ ತಗೊಳ್ಳಿ," ಎಂದು ಟ್ಯಾಕೆಟ್ ಆ ಕೆಂಪು ಪಟ್ಟಿಯನ್ನು ಪ್ರೂಯಿಟನ ಎದೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಅಂಟಿಸಿದ. ಅದನ್ನು ಕಿತ್ತುಹಾಕಲು ಪ್ರೂಯಿಟನ ಕೈ ಏಳಲಿಲ್ಲ.